ಊರಿನ ಕಂಪ್ಯೂಟರಿಗೆ ಇಲ್ಲಿಂದಲೇ ಕೈ ಹಾಕುವುದು ಹೇಗೆ?



ಯುಗಾದಿಯ ಊಟಕ್ಕೆ ಸೇರಲಿ, ರಾಜ್ಯೋತ್ಸವದ ನಾಟಕಕ್ಕೆ ಸೇರಲಿ, ಸಾಫ್ಟ್‌ವೇರ್ ಕೆಲಸದವನೆಂದು ಗೊತ್ತಾದ ಕೂಡಲೇ ನನಗೆ ತಪ್ಪದೆ ಎದುರಾಗುವ ಪ್ರಶ್ನೆ ಒಂದಿದೆ. "ಊರಲ್ಲಿ ಅಪ್ಪ ಅಮ್ಮನ ಕಂಪ್ಯೂಟರ್ ಕೈ ಕೊಟ್ಟಿದೆ. ಇಲ್ಲಿಂದಲೇ ಸರಿ ಮಾಡೋದಕ್ಕೆ ಯಾವ ಸಾಫ್ಟ್‌ವೇರ್ ಒಳ್ಳೇದು?" ಕೈಯಲ್ಲಿ ಹೋಳಿಗೆ ತಟ್ಟೆ ಹಿಡಿದುಕೊಂಡು ಇದಕ್ಕೆ ಪೂರ್ತಿ ಉತ್ತರ ಹೇಳುವುದು ಕಷ್ಟ. ಆದ್ದರಿಂದ ಈ ಸಂಚಿಕೆಯ ಗಣಕ ಪಾಠ ಅದರ ಬಗ್ಗೆಯೇ.

ಫೋನಿನಲ್ಲೇ ಹೇಳಿ ಮಾಡಿಸಬಹುದಲ್ಲ ಎನ್ನುವವರು ಒಮ್ಮೆ ಪ್ರಯತ್ನಿಸಿ ನೋಡಿ. "ಅಪ್ಪ, ಕೆಳಗೆ ಎಡಗಡೆ ಮೂಲೇಲಿ ನಾಕು ಚೌಕ ಕಾಣ್ತದಲ್ಲ, ಅದನ್ನ ಒತ್ತು." "ಒತ್ತಿದೆ ಮಾರಾಯ, ಎಲ್ಲಾ ಮಾಯ ಆಯ್ತು!" ನಮಗೆ ರಾತ್ರಿ ಒಂಬತ್ತೂವರೆ, ಸಾಗರದಲ್ಲಿ ಬೆಳಿಗ್ಗೆ ಹತ್ತು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ಊರಿಗೂ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ಇಬ್ಬರಿಗೂ ಹೊಂದುವ ಸಮಯ ಸಿಗುವುದು ದಿನಕ್ಕೆ ಒಂದೆರಡು ಗಂಟೆ ಮಾತ್ರ. ಅದೂ ಮೌಸ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಮುಗಿದುಹೋದರೆ ಅಮ್ಮನ ಹತ್ತಿರ ಮಾತಾಡುವುದು ಯಾವಾಗ?

ಮೊದಲು ಎರಡು ಪ್ರಶ್ನೆ

ಯಾವ ತಂತ್ರಾಂಶ ಒಳ್ಳೆಯದು ಎಂದು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ನಮಗೆ ನಾವೇ ಹಾಕಿಕೊಳ್ಳಬೇಕು.

ಒಂದು: ಆ ಕಡೆ ಗಣಕದ ಮುಂದೆ ಯಾರಾದರೂ ಕೂತಿರುತ್ತಾರೋ, ಇಲ್ಲವೋ? ಅಪ್ಪನ ಪಕ್ಕ ಕೂತು ಸಹಾಯ ಮಾಡಿದಂತೆ ಮಾಡುವುದು ಒಂದು ಕೆಲಸ. ಯಾರೂ ಇಲ್ಲದ ಕೋಣೆಯಲ್ಲಿರುವ ನಮ್ಮದೇ ಗಣಕಕ್ಕೆ ದೂರದಿಂದ ಹೋಗಿ ಕಡತ ತರುವುದು ಬೇರೆಯೇ ಕೆಲಸ.

ಎರಡು: ನಮಗೆ ಪರದೆಯ ಚಿತ್ರ ಬೇಕೋ, ಬರೀ ಆಜ್ಞೆ ಟೈಪ್ ಮಾಡಿದರೆ ಸಾಕೋ? ಮನೆಯವರಿಗೆ ಸಹಾಯ ಮಾಡಲು ಚಿತ್ರ ಬೇಕೇ ಬೇಕು. ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಕಪ್ಪು ಕಿಟಕಿಯೇ ಸಾಕು.

ಈ ಎರಡಕ್ಕೂ ಉತ್ತರ ಸಿಕ್ಕರೆ ಆಯ್ಕೆ ಅರ್ಧ ಮುಗಿದಂತೆ.

ಒಳಗೆ ನಡೆಯುವುದೇನು?

ತತ್ವ ಸರಳ. ಅಲ್ಲಿನ ಪರದೆಯ ಚಿತ್ರ ಇಲ್ಲಿಗೆ ಬರುತ್ತದೆ, ನಮ್ಮ ಮೌಸ್ ಮತ್ತು ಕೀಲಿಮಣೆಯ ಒತ್ತುಗಳು ಅಲ್ಲಿಗೆ ಹೋಗುತ್ತವೆ. ಆದರೆ ಇದರಲ್ಲಿ ಮೂರು ತೊಡಕುಗಳಿವೆ.

ಮೊದಲನೆಯದು ಗಾತ್ರ. 1920 ಅಡ್ಡ, 1080 ಉದ್ದದ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್ ಎಂದರೂ ಒಂದು ಚಿತ್ರಕ್ಕೆ ಸುಮಾರು 6 ಮೆಗಾಬೈಟ್. ಸೆಕೆಂಡಿಗೆ 30 ಚಿತ್ರ ಹಾಗೇ ಕಳಿಸಲು ಹೊರಟರೆ ಸುಮಾರು ಒಂದೂವರೆ ಗಿಗಾಬಿಟ್ ವೇಗ ಬೇಕು. ಆದ್ದರಿಂದ ಎಲ್ಲ ತಂತ್ರಾಂಶಗಳೂ ಬದಲಾದ ಭಾಗವನ್ನಷ್ಟೇ, ಅದನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತವೆ. ಪರದೆಯ ಹಿನ್ನೆಲೆಯಲ್ಲಿ ಜೋಗ ಜಲಪಾತದ ಚಿತ್ರದ ಬದಲು ಒಂದೇ ಬಣ್ಣ ಇಟ್ಟರೆ ಸಂಪರ್ಕ ಚುರುಕಾಗುವುದು ಇದೇ ಕಾರಣಕ್ಕೆ.

ಎರಡನೆಯದು ದೂರ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ದಾರಿಯೇ ಸುಮಾರು 14,000 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಹೋಗಿ ಬರಲು ಕಡಿಮೆಯೆಂದರೂ 140 ಮಿಲಿಸೆಕೆಂಡ್. ಸಮುದ್ರದಡಿಯ ಕೇಬಲ್ಲುಗಳು ನೇರವಾಗಿ ಹೋಗುವುದಿಲ್ಲ, ನಡುವೆ ಹತ್ತಾರು ಕಡೆ ತಡೆಯುವುದೂ ಉಂಟು. ಹೀಗಾಗಿ ನನ್ನ ಮನೆಯಿಂದ ಊರಿಗೆ ಅಳೆದಾಗ 250ರಿಂದ 300 ಮಿಲಿಸೆಕೆಂಡ್ ಬರುತ್ತದೆ. ಯಾವ ತಂತ್ರಾಂಶಕ್ಕೆ ಎಷ್ಟು ದುಡ್ಡು ಕೊಟ್ಟರೂ ಈ ಕಾಲು ಸೆಕೆಂಡ್ ಹೋಗುವುದಿಲ್ಲ. ಮೌಸ್ ಒತ್ತಿ ಒಂದು ಉಸಿರು ತಡೆದು ನೋಡುವುದನ್ನು ಕಲಿಯಬೇಕು. ಆಗಲಿಲ್ಲವೆಂದು ಮೂರು ಸಲ ಒತ್ತಿದರೆ ಮೂರು ಕಿಟಕಿ ತೆರೆದುಕೊಳ್ಳುತ್ತವೆ, ಅಷ್ಟೇ.

ಮೂರನೆಯದು ವಿಳಾಸ. ಮನೆಯಲ್ಲಿ ಐದು ಉಪಕರಣಗಳಿದ್ದರೂ ಹೊರಗಿನ ಅಂತರ್ಜಾಲಕ್ಕೆ ಕಾಣುವುದು ರೂಟರಿನ ಒಂದೇ ವಿಳಾಸ. ದೊಡ್ಡ ಅಪಾರ್ಟ್‌ಮೆಂಟಿಗೆ ಮನೆ ನಂಬರ್ ಇಲ್ಲದ ಕಾಗದ ಬಂದ ಹಾಗೆ. ಯಾರಿಗೆ ಕೊಡಬೇಕೆಂದು ವಾಚ್‌ಮನ್‌ಗೆ ಗೊತ್ತಾಗದೆ ವಾಪಸ್ ಕಳಿಸುತ್ತಾನೆ. ಒಳಗಿನಿಂದ ಹೋದ ಕಾಗದಕ್ಕೆ ಬಂದ ಉತ್ತರವನ್ನು ಮಾತ್ರ ಸರಿಯಾದ ಮನೆಗೆ ತಲುಪಿಸುತ್ತಾನೆ. ಮೊದಲೆಲ್ಲ ರೂಟರಿನಲ್ಲಿ ಪೋರ್ಟ್ ತೆರೆದು ಇದನ್ನು ದಾಟುತ್ತಿದ್ದೆವು. ಈಗ ಭಾರತದ ಅನೇಕ ಸಂಪರ್ಕಗಳಲ್ಲಿ ಕಂಪನಿಯವರೇ ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತಾರೆ. ನಮ್ಮ ರೂಟರಿನಲ್ಲಿ ಏನು ತೆರೆದರೂ ಪ್ರಯೋಜನವಿಲ್ಲ. ಇದಕ್ಕಿರುವ ಉಪಾಯವೆಂದರೆ ಎರಡೂ ಗಣಕಗಳು ಹೊರಗಿನ ಒಬ್ಬ ಮಧ್ಯವರ್ತಿಗೆ ತಾವೇ ಕರೆ ಮಾಡುವುದು, ಆ ಮಧ್ಯವರ್ತಿ ಇಬ್ಬರನ್ನೂ ಪರಿಚಯಿಸುವುದು. ಟೀಮ್‌ವ್ಯೂವರಿನಂಥ ತಂತ್ರಾಂಶಗಳು ಇಷ್ಟು ಜನಪ್ರಿಯವಾದ ಗುಟ್ಟು ಇದೇ.

ಹಳೆಯ ಮೂರು ಮಂದಿ

ಎಸ್‌ಎಸ್‌ಎಚ್: ಚಿತ್ರವಿಲ್ಲ, ಬರೀ ಆಜ್ಞೆ. ಫಿನ್‌ಲೆಂಡಿನಲ್ಲಿ ತಾತು ಯ್ಲೋನೆನ್ 1995ರಲ್ಲಿ ಬರೆದದ್ದು. ಅವರ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಗುಪ್ತಪದಗಳನ್ನು ಕದ್ದು ಕೇಳುತ್ತಿದ್ದರು. ಅದಕ್ಕೆ ಮೊದಲಿದ್ದ ಟೆಲ್ನೆಟ್‌ನಲ್ಲಿ ಗುಪ್ತಪದವೂ ಪೋಸ್ಟ್ ಕಾರ್ಡಿನ ಮೇಲೆ ಬರೆದಂತೆ ಬಹಿರಂಗವಾಗಿ ಹೋಗುತ್ತಿತ್ತು. ಲಿನಕ್ಸ್, ಮ್ಯಾಕ್‌ಗಳಲ್ಲಿ ಎಸ್‌ಎಸ್‌ಎಚ್ ಮೊದಲಿನಿಂದ ಇದೆ, ವಿಂಡೋಸ್‌ನಲ್ಲಿ 2018ರಿಂದ ಜೊತೆಗೇ ಬರುತ್ತದೆ. ಸಂಪರ್ಕ ಎಷ್ಟು ನಿಧಾನವಿದ್ದರೂ ಕೆಲಸ ಮಾಡುತ್ತದೆ. ಅಪ್ಪನ ಪ್ರಿಂಟರ್ ಸರಿ ಮಾಡಲು ಮಾತ್ರ ಇದು ಸಲ್ಲದು.

ವಿಎನ್‌ಸಿ: ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿಯ ಸಂಶೋಧನಾಲಯದಲ್ಲಿ ಹುಟ್ಟಿ, 1998ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಚುಕ್ಕೆಗಳನ್ನು ಇದ್ದ ಹಾಗೇ ಕಳಿಸುವ ಸೀದಾ ಸ್ವಭಾವದ್ದು. ಆದ್ದರಿಂದಲೇ ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರ ನಡುವೆಯೂ ನಡೆಯುತ್ತದೆ. ಮ್ಯಾಕ್‌ನೊಳಗಿನ ಪರದೆ ಹಂಚಿಕೆಯ ಬೇರೂ ಇದೇ. ಟೈಟ್‌ವಿಎನ್‌ಸಿ, ಟೈಗರ್‌ವಿಎನ್‌ಸಿ, ಅಲ್ಟ್ರಾವಿಎನ್‌ಸಿ ಉಚಿತವಾಗಿ ಸಿಗುತ್ತವೆ. ದೋಷಗಳು ಎರಡು. ಮೂಲ ವಿಎನ್‌ಸಿಯಲ್ಲಿ ಗುಪ್ತಪದದ ಮೊದಲ ಎಂಟು ಅಕ್ಷರಗಳಿಗೆ ಮಾತ್ರ ಬೆಲೆ, ಮತ್ತು ಪರದೆಯ ಚಿತ್ರ ಗೂಢಲಿಪಿಯಿಲ್ಲದೆ ಹೋಗುತ್ತದೆ. ಅದನ್ನು ಎಸ್‌ಎಸ್‌ಎಚ್ ಕೊಳವೆಯೊಳಗೆ ಹಾಯಿಸಿದರೆ ಮಾತ್ರ ಹೊರಗಿನ ಜಾಲದಲ್ಲಿ ಬಳಸಬಹುದು.

ಆರ್‌ಡಿಪಿ: ಮೈಕ್ರೋಸಾಫ್ಟ್‌ನದು. ವಿಂಡೋಸ್ ಎನ್‌ಟಿಯ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ 1998ರಲ್ಲಿ ಬಂತು, 2001ರ ಎಕ್ಸ್‌ಪಿ ಪ್ರೊಫೆಷನಲ್‌ನಿಂದ ಮನೆಮಾತಾಯಿತು. "ಇಲ್ಲೊಂದು ಗೆರೆ ಎಳೆ, ಅಲ್ಲಿ ಈ ಅಕ್ಷರ ಬರೆ" ಎಂದು ಸೂಚನೆ ಕಳಿಸುವ ವಿಧಾನದಿಂದ ಶುರುವಾದದ್ದರಿಂದ ಮೊದಲಿನಿಂದಲೂ ವಿಎನ್‌ಸಿಗಿಂತ ಚುರುಕು. ಧ್ವನಿ, ಪ್ರಿಂಟರ್, ಕಡತ ಎಲ್ಲವನ್ನೂ ಹೊತ್ತು ತರುತ್ತದೆ. ಆದರೆ ಊರಿನ ಸಹಾಯಕ್ಕೆ ಇದು ಒಗ್ಗದಿರಲು ಎರಡು ಕಾರಣಗಳಿವೆ. ವಿಂಡೋಸ್ ಹೋಮ್ ಆವೃತ್ತಿಯ ಗಣಕಕ್ಕೆ ಹೊರಗಿನಿಂದ ಆರ್‌ಡಿಪಿ ಮೂಲಕ ಸೇರಲಾಗದು. ಅಂಗಡಿಯಲ್ಲಿ ಕೊಂಡ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಅದೇ. ಇನ್ನೊಂದು, ನಾವು ಒಳಹೊಕ್ಕ ಕೂಡಲೇ ಅಲ್ಲಿನ ಪರದೆಗೆ ಬೀಗ ಬೀಳುತ್ತದೆ. ಅಪ್ಪನಿಗೆ ನಾವು ಮಾಡುವುದು ಕಾಣುವುದೇ ಇಲ್ಲ. ನಮ್ಮದೇ ಗಣಕಕ್ಕೆ ಹೋಗುವಾಗ ಇದು ಒಳ್ಳೆಯ ಗುಣ, ಕಲಿಸುವಾಗ ಕೆಟ್ಟ ಗುಣ.

ಆರ್‌ಡಿಪಿ ಬಗ್ಗೆ ಒಂದು ಎಚ್ಚರಿಕೆ. ಅದರ 3389ನೇ ಪೋರ್ಟನ್ನು ಅಂತರ್ಜಾಲಕ್ಕೆ ನೇರ ತೆರೆದಿಡಬೇಡಿ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಿದ್ದಾಗ, 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು. ಅಷ್ಟು ಗಂಭೀರವಾಗಿತ್ತು ಅದು. ಬೇಕೇಬೇಕೆಂದರೆ ವಿಪಿಎನ್ ಒಳಗೆ ಬಳಸಿ. ವೈರ್‌ಗಾರ್ಡ್ ಆಧಾರದ ಟೇಲ್‌ಸ್ಕೇಲ್‌ನಂಥ ಸೇವೆಗಳು ಪೋರ್ಟ್ ತೆರೆಯದೆಯೇ ಎರಡು ಮನೆಗಳ ಗಣಕಗಳನ್ನು ಒಂದೇ ಜಾಲದಲ್ಲಿದ್ದಂತೆ ಮಾಡಿಕೊಡುತ್ತವೆ.

ಮಧ್ಯವರ್ತಿ ಇರುವ ತಂತ್ರಾಂಶಗಳು

ಟೀಮ್‌ವ್ಯೂವರ್, ಎನಿಡೆಸ್ಕ್: ಎರಡೂ ಜರ್ಮನಿಯವು. ಮೊದಲನೆಯದು 2005ರದು, ಎರಡನೆಯದು 2014ರದು. ತೆರೆದರೆ ಒಂದು ಸಂಖ್ಯೆ ಕಾಣುತ್ತದೆ, ಊರಿನವರು ಅದನ್ನು ನಮಗೆ ಓದಿ ಹೇಳಿದರೆ ಸಂಪರ್ಕ ಸಿದ್ಧ. ಎರಡೂ ಚುರುಕು, ಮೊಬೈಲ್‌ನಲ್ಲೂ ನಡೆಯುತ್ತವೆ. ಸ್ವಂತ ಬಳಕೆಗೆ ಉಚಿತ, ಆದರೆ ನಾಲ್ಕಾರು ನೆಂಟರಿಗೆ ಸಹಾಯ ಮಾಡಿದರೆ "ನೀವು ವ್ಯಾಪಾರಕ್ಕೆ ಬಳಸುತ್ತಿದ್ದೀರಿ" ಎಂದು ತಂತ್ರಾಂಶ ಸಂಶಯಪಟ್ಟು ಸಂಪರ್ಕ ಕಡಿಯುವುದುಂಟು. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ತನ್ನ ಸರ್ವರುಗಳಿಗೆ ಕಳ್ಳರು ನುಗ್ಗಿದ್ದನ್ನು ಪ್ರಕಟಿಸಿ, ಜಾಲತಾಣದ ಗುಪ್ತಪದಗಳನ್ನೆಲ್ಲ ರದ್ದು ಮಾಡಿತು. ಮಧ್ಯವರ್ತಿಯನ್ನು ನಂಬಬೇಕಾದದ್ದು ಈ ವರ್ಗದ ಎಲ್ಲ ತಂತ್ರಾಂಶಗಳಿಗೂ ಇರುವ ಬೆಲೆ. ಉಚಿತವೆಂಬುದೂ ಶಾಶ್ವತವಲ್ಲ, ಬಹಳ ಮಂದಿ ನೆಚ್ಚಿದ್ದ ಲಾಗ್‌ಮಿಇನ್ ಫ್ರೀ 2014ರ ಜನವರಿಯಲ್ಲಿ ನಿಂತೇಹೋಯಿತು.

ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್: ಗೂಗಲ್‌ನದು, ಉಚಿತ. ಎರಡು ರೀತಿಯಲ್ಲಿ ಬಳಸಬಹುದು. ಸಹಾಯಕ್ಕಾದರೆ ಅಲ್ಲಿ ಹುಟ್ಟುವ 12 ಅಂಕಿಯ ಸಂಕೇತವನ್ನು ನಮಗೆ ಹೇಳಬೇಕು. ಅದು ಒಂದೇ ಸಲಕ್ಕೆ. ಮಧ್ಯೆ ಅರ್ಧ ಗಂಟೆಗೊಮ್ಮೆ "ಮುಂದುವರಿಸಲೇ?" ಎಂದು ಅಲ್ಲಿನವರನ್ನು ಕೇಳುತ್ತದೆ. ಅಮ್ಮ ಕಾಫಿ ಮಾಡಲು ಎದ್ದು ಹೋದರೆ ಸಂಪರ್ಕ ಕಡಿಯುತ್ತದೆ, ಆದರೆ ಈ ಕಿರಿಕಿರಿ ಒಳ್ಳೆಯದಕ್ಕೇ. ಯಾರೂ ಇಲ್ಲದ ನಮ್ಮದೇ ಗಣಕಕ್ಕಾದರೆ ಗೂಗಲ್ ಖಾತೆಯ ಜೊತೆ ಕನಿಷ್ಠ ಆರು ಅಂಕಿಯ ಪಿನ್ ಇಟ್ಟುಕೊಳ್ಳಬೇಕು.

ಕ್ವಿಕ್ ಅಸಿಸ್ಟ್: ವಿಂಡೋಸ್ 10 ಮತ್ತು 11ರ ಜೊತೆಗೆ ಬರುವ ಮೈಕ್ರೋಸಾಫ್ಟ್‌ನ ತಂತ್ರಾಂಶ. ಸಹಾಯ ಮಾಡುವವರಿಗೆ ಮಾತ್ರ ಮೈಕ್ರೋಸಾಫ್ಟ್ ಖಾತೆ ಬೇಕು. ಊರಿನವರಿಗೆ ಏನೂ ಬೇಡ. ಇಲ್ಲಿ ಸಂಕೇತ ಹುಟ್ಟುವುದು ನಮ್ಮ ಕಡೆ. ನಾವು ಹೇಳಿದ್ದನ್ನು ಅವರು ಟೈಪ್ ಮಾಡಬೇಕು. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ರಸ್ಟ್‌ಡೆಸ್ಕ್: ಮುಕ್ತ ತಂತ್ರಾಂಶ, ನಡೆನುಡಿಯಲ್ಲಿ ಎನಿಡೆಸ್ಕ್‌ನಂತೆಯೇ. ಬೇಕೆಂದವರು ಮಧ್ಯವರ್ತಿ ಸರ್ವರನ್ನೂ ತಾವೇ ಇಟ್ಟುಕೊಳ್ಳಬಹುದು. ವಾರಾಂತ್ಯದಲ್ಲಿ ಕೈ ಸುಮ್ಮನಿರದ ಇಂಜಿನಿಯರುಗಳಿಗೆ ಹೇಳಿ ಮಾಡಿಸಿದ್ದು.

ಊರಿನವರ ಕೈಯಲ್ಲಿ ಇರುವುದು ಮೊಬೈಲ್ ಮಾತ್ರವಾದರೆ ಇದ್ಯಾವುದೂ ಬೇಕಿಲ್ಲದಿರಬಹುದು. 2023ರ ಆಗಸ್ಟ್‌ನಿಂದ ವಾಟ್ಸಾಪ್ ವಿಡಿಯೋ ಕರೆಯಲ್ಲೇ ಪರದೆ ತೋರಿಸುವ ಸೌಲಭ್ಯವಿದೆ. ನಮಗೆ ನೋಡಲು ಮಾತ್ರ ಆಗುತ್ತದೆ, ಮುಟ್ಟಲು ಆಗದು. ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕಾಗುತ್ತದೆ.

ಕನ್ನಡ ಟೈಪಿಸುವಾಗ

ನಮ್ಮವರಿಗೆ ಬರುವ ಒಂದು ತೊಂದರೆ ಇದು. ಇಲ್ಲಿಂದ ಕನ್ನಡ ಟೈಪ್ ಮಾಡಿದರೆ ಅಲ್ಲಿ ಇಂಗ್ಲಿಷ್ ಅಕ್ಷರ ಬೀಳುತ್ತದೆ ಎಂದು ಬಹಳ ಮಂದಿ ಹೇಳುತ್ತಾರೆ. ಕಾರಣವೆಂದರೆ ಸಾಮಾನ್ಯವಾಗಿ ಆ ಕಡೆಗೆ ಹೋಗುವುದು ಯಾವ ಕೀಲಿ ಒತ್ತಿದಿರಿ ಎಂಬ ಸುದ್ದಿ ಮಾತ್ರ. ಅದನ್ನು ಅಕ್ಷರವಾಗಿಸುವುದು ಅಲ್ಲಿನ ಗಣಕ. ಹಾಗಾಗಿ ನುಡಿಯೋ, ಬರಹವೋ, ವಿಂಡೋಸ್‌ನ ಕನ್ನಡ ಕೀಲಿಮಣೆಯೋ ಅಲ್ಲಿ ಇರಬೇಕು, ಅಲ್ಲಿಯೇ ಚಾಲೂ ಆಗಿರಬೇಕು.

ಇಲ್ಲಿ ನಕಲಿಸಿ ಅಲ್ಲಿ ಅಂಟಿಸುವುದು ಇನ್ನೊಂದು ದಾರಿ. ಆರ್‌ಡಿಪಿಯಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಹೋಗುತ್ತದೆ. ಹಳೆಯ ವಿಎನ್‌ಸಿಯಲ್ಲಿ ಹೋಗುವುದಿಲ್ಲ. ಅದರ ಮೂಲ ನಿಯಮದಲ್ಲಿ ಪಶ್ಚಿಮ ಯುರೋಪಿನ ಅಕ್ಷರಗಳಿಗೆ ಮಾತ್ರ ಜಾಗವಿತ್ತು, ಕನ್ನಡ ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬೀಳಬಹುದು. ಹೊಸ ಆವೃತ್ತಿ ಎರಡೂ ಕಡೆ ಇದ್ದರೆ ಈ ತಾಪತ್ರಯ ತಪ್ಪೀತು.

ಬೀಗದ ಮಾತು

ಇನ್ನು ನಿಜವಾಗಿ ಹೇಳಬೇಕಾದ ವಿಷಯ. ನಾವು ಊರಿನವರಿಗೆ ಏನು ಅಭ್ಯಾಸ ಮಾಡಿಸುತ್ತಿದ್ದೇವೆ ನೋಡಿ: ಫೋನ್ ಬಂದಾಗ ಒಂದು ತಂತ್ರಾಂಶ ತೆರೆಯುವುದು, ಒಂದು ಸಂಖ್ಯೆ ಹೇಳುವುದು, "ಒಪ್ಪಿಗೆ" ಒತ್ತುವುದು. ಮೋಸಗಾರರು ಹೇಳಿಕೊಡುವುದೂ ಅಕ್ಷರಶಃ ಇದನ್ನೇ. 2019ರ ಫೆಬ್ರವರಿಯಲ್ಲೇ ಭಾರತೀಯ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ಮೊಬೈಲ್ ಹಿಡಿತಕ್ಕೆ ತೆಗೆದುಕೊಂಡು ಹಣ ದೋಚುವ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2024ರ ಮೇ ತಿಂಗಳಲ್ಲಿ ಕ್ವಿಕ್ ಅಸಿಸ್ಟ್ ದುರುಪಯೋಗದ ಬಗ್ಗೆ ಮೈಕ್ರೋಸಾಫ್ಟ್ ತಾನೇ ಎಚ್ಚರಿಕೆ ಕೊಟ್ಟಿತು. ತಂತ್ರಾಂಶದಲ್ಲಿ ದೋಷವಿಲ್ಲದಿದ್ದರೂ ಬೀಗದ ಕೈಯನ್ನು ನಾವೇ ಕೊಟ್ಟರೆ ಯಾರೇನು ಮಾಡಿಯಾರು?

ಎರಡು ವರ್ಷದ ಕೆಳಗೆ ನಮ್ಮ ಮನೆಗೂ ಅಂಥ ಕರೆ ಬಂತು. "ನಿಮ್ಮ ಕರೆಂಟ್ ಬಿಲ್ ಜಮಾ ಆಗಿಲ್ಲ, ಇವತ್ತು ರಾತ್ರಿ ಒಂಬತ್ತೂವರೆಗೆ ಲೈನ್ ಕಟ್ ಆಗುತ್ತೆ. ಈ ಆ್ಯಪ್ ಹಾಕಿಕೊಂಡು ನಂಬರ್ ಹೇಳಿ, ಈಗಲೇ ಸರಿ ಮಾಡ್ತೀನಿ" ಎಂದು ಕಾಲು ಗಂಟೆ ಕಾಡಿದನಂತೆ. ಅಪ್ಪ ಹೇಳಿದ್ದು ಇಷ್ಟು: "ಕಟ್ ಮಾಡಿ ಸ್ವಾಮಿ. ನಮ್ಮೂರಲ್ಲಿ ಮಳೆಗಾಲಕ್ಕೆ ಅದೇನೂ ಹೊಸತಲ್ಲ." ಆ ಫೋನಿನಲ್ಲಿ ಅವರ ಪಿಂಚಣಿ ಬರುವ ಬ್ಯಾಂಕಿನ ಆ್ಯಪ್ ಇತ್ತು. ಎರಡು ಸಂಖ್ಯೆ ಓದಿ ಹೇಳಿದ್ದರೆ ಮೂವತ್ತೈದು ವರ್ಷದ ನೌಕರಿಯ ಉಳಿತಾಯ ಹೋಗುತ್ತಿತ್ತು.

ಅಪ್ಪನ ಧೈರ್ಯಕ್ಕೆ ಹಿಂದೆ ಒಂದು ಒಪ್ಪಂದವಿತ್ತು. ನೀವೂ ನಿಮ್ಮ ಮನೆಯವರೊಡನೆ ಮಾಡಿಕೊಳ್ಳಿ. "ನಂಬರ್ ಯಾರಿಗೂ ಹೇಳಬೇಡಿ" ಎಂದಷ್ಟೇ ಹೇಳಿದರೆ ಸಾಲದು. ಮೇಲೆ ಹೇಳಿದಂತೆ ಕ್ವಿಕ್ ಅಸಿಸ್ಟ್‌ನಲ್ಲಿ ನಂಬರ್ ಹೇಳುವವನು ಆ ಕಡೆಯವನು, ಅಪ್ಪ ಅದನ್ನು ಟೈಪ್ ಮಾಡಿದರೆ ಮುಗಿಯಿತು. ಆದ್ದರಿಂದ ನಮ್ಮ ಒಪ್ಪಂದ ಹೀಗಿದೆ:

1. ಯಾರೇ ಕರೆ ಮಾಡಿ ಏನೇ ತೆರೆಯಲು ಹೇಳಿದರೂ ಮೊದಲು ಫೋನ್ ಇಡುವುದು. ಆಮೇಲೆ ನಮ್ಮ ಹಳೆಯ ನಂಬರಿಗೆ ಅವರೇ ತಿರುಗಿ ಕರೆ ಮಾಡುವುದು. ಕರೆ ಮಾಡಿದವನು ನಾನೇ ಎಂದರೂ ಇದೇ ನಿಯಮ.

2. ನಾನು ಒಳಗಿರುವಾಗ ಬ್ಯಾಂಕಿನ ತಾಣ ತೆರೆಯುವುದಿಲ್ಲ. ತೆರೆಯಲೇಬೇಕಾದರೆ ಗುಪ್ತಪದ, ಓಟಿಪಿಗಳನ್ನು ಅಪ್ಪನೇ ಹಾಕುವುದು.

3. ಕೆಲಸ ಮುಗಿದ ಮೇಲೆ ಕಿಟಕಿ ಮುಚ್ಚುವುದು ಅಪ್ಪನ ಕೈಯಿಂದ. ಮೊಬೈಲ್‌ನಲ್ಲಿ ಹಾಕಿದ್ದ ಆ್ಯಪ್ ಅದೇ ದಿನ ತೆಗೆಯುವುದು.

4. ಮೋಸವಾಯಿತೆಂದು ಅನ್ನಿಸಿದರೆ ಮೊದಲು ಅಂತರ್ಜಾಲ ಕಡಿಯುವುದು, ಬ್ಯಾಂಕಿಗೆ ತಿಳಿಸುವುದು, 1930ಕ್ಕೆ ಕರೆ ಮಾಡುವುದು. ಆಮೇಲೆ ನನಗೆ. ನನಗೆ ಬೈಸಿಕೊಳ್ಳಬೇಕಾಗುತ್ತದೆಂದು ಹೆದರಿ ಒಂದು ಗಂಟೆ ತಡ ಮಾಡಬಾರದು.

ಈ ನಾಲ್ಕನೆಯದನ್ನು ಬಾಯಿಬಿಟ್ಟು ಹೇಳಿ. ಮಕ್ಕಳು ಏನೆಂದುಕೊಳ್ಳುತ್ತಾರೋ ಎಂದು ಮುಚ್ಚಿಡುವ ಹಿರಿಯರು ಬಹಳ ಮಂದಿ. ಹಣ ಹಿಂದಕ್ಕೆ ಬರುವ ಸಾಧ್ಯತೆ ಇರುವುದು ಆ ಮೊದಲ ಕೆಲವು ಗಂಟೆಗಳಲ್ಲೇ.

ಅವರು ಮಲಗಿದಾಗಲೂ ಒಳಹೋಗುವಂತೆ ಶಾಶ್ವತ ಪಿನ್ ಇಟ್ಟುಕೊಳ್ಳುವುದು ನಮಗೆ ಅನುಕೂಲ, ನಿಜ. ನಾನು ಇಟ್ಟುಕೊಂಡಿಲ್ಲ. ಅದರಲ್ಲಿ ಅವರ ಕಾಗದಪತ್ರ, ಫೋಟೋ, ಲೆಕ್ಕ ಎಲ್ಲ ಇರುತ್ತವೆ. ಮಗನಾದರೇನು, ಬಾಗಿಲು ತಟ್ಟಿಯೇ ಹೋಗಬೇಕು. ಜೊತೆಗೆ, ಅವರ ಕಣ್ಣೆದುರೇ ಮಾಡಿದರೆ ಎರಡನೇ ಸಲಕ್ಕೆ ಅವರೇ ಮಾಡಿಕೊಳ್ಳುತ್ತಾರೆ. ನಮ್ಮಮ್ಮ ಈಗ ಪ್ರಿಂಟರಿನ ಸಾಲು ಖಾಲಿ ಮಾಡುವುದನ್ನು ಪಕ್ಕದ ಮನೆಯವರಿಗೂ ಹೇಳಿಕೊಡುತ್ತಾರೆ.

ಯಾರಿಗೆ ಯಾವುದು?

ಊರಿನಲ್ಲಿ ವಿಂಡೋಸ್, ಮುಂದೆ ಯಾರೋ ಕೂತಿದ್ದಾರೆ: ಕ್ವಿಕ್ ಅಸಿಸ್ಟ್. ಅವರು ಕಂಟ್ರೋಲ್, ವಿಂಡೋಸ್ ಮತ್ತು ಕ್ಯೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ. ನಾವು ಸಂಕೇತ ಕೊಡಬೇಕು, ಅವರು ಟೈಪಿಸಿ ಒಪ್ಪಬೇಕು, ಮೌಸ್ ಹಿಡಿಯಲು ನಾವು ಮತ್ತೊಮ್ಮೆ ಅನುಮತಿ ಕೇಳಬೇಕು. ಹೊಸ ತಂತ್ರಾಂಶ ಹಾಕುವಾಗ ವಿಂಡೋಸ್ ಅನುಮತಿ ಕೇಳುವ ಪೆಟ್ಟಿಗೆ ನಮಗೆ ಕಾಣದೆ ಹೋಗಬಹುದು, ಅಲ್ಲಿ "ಯೆಸ್" ಒತ್ತುವುದು ಅವರ ಕೆಲಸ.

ಮ್ಯಾಕ್, ಲಿನಕ್ಸ್, ವಿಂಡೋಸ್ ಕಲಸುಮೇಲೋಗರ: ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್.

ಯಾರೂ ಇಲ್ಲದ ನಿಮ್ಮದೇ ಗಣಕ: ವಿಂಡೋಸ್ ಪ್ರೊ ಇದ್ದರೆ ವಿಪಿಎನ್ ಒಳಗೆ ಆರ್‌ಡಿಪಿ, ಇಲ್ಲವಾದರೆ ಕ್ರೋಮ್. ಗಣಕ ನಿದ್ದೆಗೆ ಜಾರದಂತೆ ಮಾಡಿ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗುವ ಆಯ್ಕೆ ಬಹಳಷ್ಟು ಡೆಸ್ಕ್‌ಟಾಪ್‌ಗಳ ಬಯೋಸ್‌ನಲ್ಲಿದೆ. ಅದನ್ನು ಊರಿಗೆ ಹೋದಾಗಲೇ ಹಾಕಿ ಬರಬೇಕು, ಇಲ್ಲಿಂದ ಆಗದು.

ಸರ್ವರ್: ಎಸ್‌ಎಸ್‌ಎಚ್, ಗುಪ್ತಪದದ ಬದಲು ಕೀಲಿ ಕಡತದೊಂದಿಗೆ.

ಆಫೀಸಿನ ಗಣಕ: ಆಫೀಸಿನವರು ಕೊಟ್ಟದ್ದು ಮಾತ್ರ. ಮನೆಯಿಂದ ಸುಲಭವಾಗಲೆಂದು ಇವುಗಳಲ್ಲೊಂದನ್ನು ಸದ್ದಿಲ್ಲದೆ ಹಾಕಿಕೊಂಡರೆ ಕೆಲಸಕ್ಕೇ ಸಂಚಕಾರ. ವೀಸಾ ಮೇಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿನಲ್ಲಿ ಇನ್ನೂ ವಿಂಡೋಸ್ 10 ಇದ್ದರೆ ಒಂದು ಮಾತು. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ದೂರದಿಂದ ಸೇರುವ ತಂತ್ರಾಂಶ ಎಷ್ಟೇ ಭದ್ರವಿರಲಿ, ಕೆಳಗಿನ ಗೋಡೆ ಸಡಿಲವಿದ್ದರೆ ಬಾಗಿಲಿಗೆ ಬೀಗ ಹಾಕಿ ಏನುಪಯೋಗ? ಮುಂದಿನ ರಜೆಗೆ ಊರಿಗೆ ಹೋದಾಗ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಈ ವಾರ ಊರಿಗೆ ಫೋನ್ ಮಾಡಿದಾಗ ತಂತ್ರಾಂಶ ಹಾಕಿಸುವ ಮೊದಲು ಆ ನಾಲ್ಕು ನಿಯಮಗಳನ್ನು ಓದಿ ಹೇಳಿ. ಅವರು ಕಾಗದದ ಮೇಲೆ ಬರೆದು ಫೋನಿನ ಪಕ್ಕ ಅಂಟಿಸಿಕೊಂಡರೆ ಇನ್ನೂ ಒಳ್ಳೆಯದು. ಹಾಕಿಸುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕೂಟದ ಮುಂದಿನ ಸಭೆಯಲ್ಲಿ ನನ್ನನ್ನು ಹಿಡಿಯಿರಿ. ಊಟ ಆದ ಮೇಲೆ ಕೇಳಿದರೆ ಸಾವಕಾಶವಾಗಿ ಕೂತು ನೋಡೋಣ.